ಏಮ್ಸ್‌ನಲ್ಲಿ ನಾಲ್ವರಲ್ಲೊಬ್ಬರು ಬಡವರೇ? ಅಮೆರಿಕದ ಸಣ್ಣ ಊರಿನ ಅಂಕಿಅಂಶ ಓದುವ ಬಗೆ

ಅಕ್ಕನ ಮಗಳಿಗೆ ಪಿಎಚ್‌.ಡಿ. ಸೀಟು ಸಿಕ್ಕಿದೆ ಎಂಬ ಸುದ್ದಿ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಮೊದಲ ಗೊಂದಲ ಎದ್ದಿದ್ದು ಊರಿನ ಹೆಸರಿನ ಮೇಲೆ. ‘ಏಮ್ಸ್‌ಗೆ ಹೋಗ್ತಿದ್ದೀನಿ’ ಎಂದಿದ್ದಳು. ಎಂಜಿನಿಯರಿಂಗ್ ಓದಿದವಳಿಗೆ ದಿಲ್ಲಿಯ ಆಸ್ಪತ್ರೆಯಲ್ಲೇನು ಕೆಲಸ ಅಂತ ದೊಡ್ಡಪ್ಪ ಕೇಳಿದರು. ಇದು ಆ ಏಮ್ಸ್ ಅಲ್ಲ. ಅಮೆರಿಕದ ನಡುಮಧ್ಯೆ, ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಅಯೋವಾ ರಾಜ್ಯದ ಊರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ ಇರುವುದು ಅಲ್ಲೇ.

ಅರ್ಧ ಗಂಟೆಯೊಳಗೆ ಯಾರೋ ಊರಿನ ಅಂಕಿಅಂಶದ ಸ್ಕ್ರೀನ್‌ಶಾಟ್ ಹಾಕಿದರು. ಜನಸಂಖ್ಯೆ 66,427. ಮನೆಯೊಂದರ ಆದಾಯ ಇಡೀ ದೇಶದ ಅಂಕಿಗಿಂತ ಕಡಿಮೆ. ಬಡತನದ ಗೆರೆಯ ಕೆಳಗೆ ಸುಮಾರು ಕಾಲುಭಾಗ ಜನ. ಅಕ್ಕ ಗಾಬರಿಯಾಗಿ ಫೋನ್ ಮಾಡಿದಳು: ‘ಅಮೆರಿಕ ಅಂತ ಹೇಳಿ ಎಂಥ ಊರಿಗೋ ಕಳಿಸ್ತಿದ್ದೀವೇನೋ?’ ಪಕ್ಕದಲ್ಲಿ ಭಾವ ಕ್ಯಾಲ್ಕುಲೇಟರ್ ಹಿಡಿದು ದೇಶದ ಅಂಕಿಯನ್ನು 85ರಿಂದ ಗುಣಿಸುತ್ತಿದ್ದರು. 75,149 ಡಾಲರ್ ಅಂದರೆ ಹತ್ತಿರ ಹತ್ತಿರ 64 ಲಕ್ಷ. ‘ಅಲ್ಲಿ ಬಡವ ಅಂದ್ರೂ ನಮ್ಮ ಜಮೀನ್ದಾರನೇ ಬಿಡು’ ಎಂಬುದು ಅವರ ತೀರ್ಮಾನ. ಒಂದೇ ಸ್ಕ್ರೀನ್‌ಶಾಟಿನಿಂದ ಎರಡು ತೀರ್ಮಾನ ಹುಟ್ಟಿದವು, ಎರಡೂ ತಪ್ಪು.

ಮೊದಲೆಲ್ಲ ಅಮೆರಿಕ ಎಂದರೆ ನಮ್ಮವರಿಗೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ. ಈಗ ಮಕ್ಕಳು ಹೆಸರೇ ಕೇಳಿರದ ಊರುಗಳಿಗೆ ಹೊರಡುತ್ತಾರೆ, ಹೆತ್ತವರ ಕೈಗೆ ಸಿಗುವುದು ಇಂಥದ್ದೇ ಒಂದು ಅಂಕಿಅಂಶದ ಪುಟ. ಅದರಲ್ಲಿರುವ ಪ್ರತಿ ಅಂಕಿಯ ಹಿಂದೆಯೂ ‘ಈ ಲೆಕ್ಕದಲ್ಲಿ ಯಾರಿದ್ದಾರೆ, ಯಾರಿಲ್ಲ’ ಎಂಬ ಪ್ರಶ್ನೆ ಇರುತ್ತದೆ. ಅದನ್ನು ಬಿಡಿಸಿದರೆ ಪುಟ ತಾನಾಗಿ ಅರ್ಥವಾಗುತ್ತದೆ.

## ಎಣಿಕೆ ಒಂದು, ಅಂದಾಜು ಇನ್ನೊಂದು

ಪುಟದಲ್ಲಿ ಒಟ್ಟಿಗೆ ಕಂಡರೂ ಜನಸಂಖ್ಯೆ ಮತ್ತು ಆದಾಯ ಬೇರೆ ಬೇರೆ ಕಡೆಯಿಂದ ಬಂದವು.

ಜನಸಂಖ್ಯೆ ಬರುವುದು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಿಂದ. ಅಮೆರಿಕದ ಸಂವಿಧಾನವೇ ಇದನ್ನು ಕಡ್ಡಾಯ ಮಾಡಿದೆ. ಮೊದಲನೆಯದು ನಡೆದದ್ದು 1790ರಲ್ಲಿ, ಇತ್ತೀಚಿನದು 2020ರಲ್ಲಿ, ಅದು 24ನೆಯದು. ದಿನ ಏಪ್ರಿಲ್ 1. ದೇಶದಲ್ಲಿ ಆಗ ಸಿಕ್ಕ ತಲೆಗಳು 33 ಕೋಟಿ 14 ಲಕ್ಷ. ಫಾರಂ ತುಂಬ ಚಿಕ್ಕದು: ಹೆಸರು, ವಯಸ್ಸು, ಲಿಂಗ, ಜನಾಂಗ, ಮನೆಯವರ ಸಂಬಂಧ, ಮನೆ ಸ್ವಂತದ್ದೋ ಬಾಡಿಗೆಯದೋ. ಆದಾಯದ ಪ್ರಶ್ನೆಯೇ ಇಲ್ಲ.

ಹಿಂದೆ ಇತ್ತು. 1940ರ ಗಣತಿಯಲ್ಲಿ ಮೊದಲ ಬಾರಿಗೆ ಕೂಲಿ, ಸಂಬಳ ಎಷ್ಟೆಂದು ಕೇಳಿದರು. 2000ದವರೆಗೂ ಕೆಲವು ಮನೆಗಳಿಗೆ ಉದ್ದದ ಫಾರಂ ಹೋಗುತ್ತಿತ್ತು. ಆ ಕೆಲಸವನ್ನು ಈಗ ಮಾಡುವುದು ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಸಮೀಕ್ಷೆ. ಇದು 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿ ಕೇಳುತ್ತಾರೆ. ಅಂದರೆ ಜನಸಂಖ್ಯೆ ಎಣಿಕೆ, ಆದಾಯ ಅಂದಾಜು. ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಸುಕುತ್ತೇವಲ್ಲ, ಹಾಗೆ. ದೊಡ್ಡ ಹಂಡೆಗೆ ಈ ಉಪಾಯ ಸರಿ. ಚಿಕ್ಕ ಪಾತ್ರೆಯ ತೊಂದರೆಗೆ ಆಮೇಲೆ ಬರುತ್ತೇನೆ.

## ತಲೆ ಇರುವುದು ಎಲ್ಲಿ?

ಗಣತಿಯ ಮೂಲ ನಿಯಮ ಸರಳ. ವರ್ಷದ ಹೆಚ್ಚು ದಿನ ನೀವು ಎಲ್ಲಿ ಉಂಡು ಮಲಗುತ್ತೀರೋ ಆ ಊರಿನವರು. ಪೌರತ್ವ ಬೇಕಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಹೋದವಳೂ ತಲೆಯೇ. ಶಿಕಾಗೋದ ಹುಡುಗ ಏಮ್ಸ್‌ನಲ್ಲಿ ಓದುತ್ತಿದ್ದರೆ ಅವನ ಲೆಕ್ಕ ಏಮ್ಸ್‌ಗೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆದರಿಕೆಗೆ ಕಾಲೇಜುಗಳು ಖಾಲಿಯಾಗಿ ಮಕ್ಕಳೆಲ್ಲ ಅಪ್ಪ–ಅಮ್ಮನ ಮನೆ ಸೇರಿದ್ದರೂ ನಿಯಮ ಬದಲಾಗಲಿಲ್ಲ, ಕಾಲೇಜಿನ ಊರಿನಲ್ಲೇ ಎಣಿಸಿ ಎಂದರು. ಹಾಗಾಗಿಯೇ ಏಮ್ಸ್‌ನ ಮಧ್ಯಾಂಕ ವಯಸ್ಸು, ಅಂದರೆ ಅರ್ಧ ಜನ ಅದಕ್ಕಿಂತ ಚಿಕ್ಕವರು, ಅರ್ಧ ಜನ ದೊಡ್ಡವರು ಎನ್ನುವ ನಡುವಿನ ವಯಸ್ಸು, ಸುಮಾರು 23. ದೇಶದ್ದು 38.8. ಇದನ್ನು ನೋಡಿ ‘ಅಲ್ಲಿ ಮುದುಕರು ಬದುಕುವುದಿಲ್ಲವೇನೋ’ ಎಂದುಕೊಳ್ಳಬೇಡಿ.

ಇದೇ ನಿಯಮ ಜೈಲಿಗೂ ಅನ್ವಯಿಸುತ್ತದೆ. ಅದರ ವಿಚಿತ್ರ ನೋಡಬೇಕೆಂದರೆ ಅದೇ ರಾಜ್ಯದ ಅನಮೋಸಾ ಎಂಬ ಊರಿಗೆ ಹೋಗಬೇಕು. ಅಲ್ಲಿನ ಜನಸಂಖ್ಯೆ ಸುಮಾರು ಐದೂವರೆ ಸಾವಿರ, ಅದರಲ್ಲಿ ಸಾವಿರದ ಮೇಲೆ ರಾಜ್ಯದ ಸೆರೆಮನೆಯ ಕೈದಿಗಳು. ಎಣಿಕೆ ಹಿಡಿದು ಊರನ್ನು ಸಮನಾದ ವಾರ್ಡುಗಳಾಗಿ ಹಂಚಿದಾಗ ಎರಡನೇ ವಾರ್ಡಿನಲ್ಲಿ ಹೆಚ್ಚುಕಮ್ಮಿ ಬರೀ ಜೈಲೇ ಉಳಿಯಿತು. ಗೋಡೆಯ ಹೊರಗಿದ್ದ ನಿವಾಸಿಗಳು ಅರವತ್ತರೊಳಗೆ. ಕೈದಿಗಳಿಗೆ ಮತವಿಲ್ಲ. 2005ರ ಚುನಾವಣೆಗೆ ಆ ವಾರ್ಡಿನಲ್ಲಿ ಯಾರೂ ನಾಮಪತ್ರ ಹಾಕಲಿಲ್ಲ. ಮತಪತ್ರದ ಮೇಲೆ ಹೆಸರು ಬರೆದು ಕೊಡುವ ಅವಕಾಶ ಅಲ್ಲಿದೆ. ಹಾಗೆ ಬಂದ ಎರಡೇ ಎರಡು ಮತಗಳಿಂದ ಒಬ್ಬರು ನಗರಸಭೆ ಸದಸ್ಯರಾದರು! ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು ಸೋತವರು ಇದನ್ನು ಓದಿ ಹೊಟ್ಟೆ ಉರಿಸಿಕೊಳ್ಳಬಹುದು. ಮುಂದೆ ಅನಮೋಸಾ ವಾರ್ಡು ಪದ್ಧತಿಯನ್ನೇ ಕೈಬಿಟ್ಟಿತು.

ಅಯೋವಾದಲ್ಲೇ ಇನ್ನೊಂದು ಊರಿದೆ, ಹೆಸರು ಮಹರ್ಷಿ ವೇದಿಕ್ ಸಿಟಿ. ಮಹರ್ಷಿ ಮಹೇಶ ಯೋಗಿಯವರ ಅನುಯಾಯಿಗಳು 2001ರಲ್ಲಿ ಅಧಿಕೃತವಾಗಿ ಊರು ಮಾಡಿಕೊಂಡದ್ದು. ಅಯೋವಾದ ಕಾನೂನಿನಲ್ಲಿ ಪುರಸಭೆ, ಪಟ್ಟಣ ಎಂಬ ಭೇದವಿಲ್ಲ, ನೋಂದಾಯಿತ ಊರೆಲ್ಲ ‘ಸಿಟಿ’ಯೇ. 2010ರಲ್ಲಿ ಈ ಸಿಟಿಯ ಜನಸಂಖ್ಯೆ 1,294. 2020ರಲ್ಲಿ 277. ಬರಗಾಲವೇ, ಕಾರ್ಖಾನೆ ಮುಚ್ಚಿತೇ? ಏನೂ ಇಲ್ಲ. 2010ರ ಎಣಿಕೆಯಲ್ಲಿ ಬಹುಪಾಲು ಭಾರತದಿಂದ ಯಜ್ಞ, ವೇದಪಾರಾಯಣಕ್ಕೆಂದು ಬಂದು ಒಂದೇ ಆವರಣದ ವಸತಿಗಳಲ್ಲಿದ್ದ ಪಂಡಿತರು. ಅವರು ಹೋದರು, ಅಂಕಿ ಕುಸಿಯಿತು.

ಹಾಸ್ಟೆಲ್ಲು, ಜೈಲು, ವೃದ್ಧಾಶ್ರಮ, ಪಂಡಿತರ ವಸತಿ ಇವೆಲ್ಲಕ್ಕೂ ಗಣತಿಯವರ ಭಾಷೆಯಲ್ಲಿ ‘ಗ್ರೂಪ್ ಕ್ವಾರ್ಟರ್ಸ್’ ಎಂದು ಹೆಸರು. ಸಾಮೂಹಿಕ ವಸತಿ ಅನ್ನೋಣ. ಈ ಮಾತು ನೆನಪಿರಲಿ, ಆದಾಯದ ಲೆಕ್ಕದಲ್ಲಿ ಇದು ಮತ್ತೆ ತಲೆ ಹಾಕುತ್ತದೆ.

## ಒಲೆಯೋ, ಬಾಗಿಲೋ

ಆದಾಯದ ಅಂಕಿಯ ಮುಂದೆ ‘ಹೌಸ್‌ಹೋಲ್ಡ್’ ಎಂದಿರುತ್ತದೆ. ನಾವಿದನ್ನು ಥಟ್ಟನೆ ‘ಕುಟುಂಬ’ ಎಂದು ಓದಿಕೊಳ್ಳುತ್ತೇವೆ.

ಭಾರತದ ಗಣತಿಯಲ್ಲಿ ಮನೆ ಎಂದರೆ ಒಲೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಂದು ಮನೆ. ಅದೇ ಸೂರಿನಡಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರೆ ಎರಡು. ಅಮೆರಿಕದಲ್ಲಿ ಲೆಕ್ಕ ಬಾಗಿಲಿನದು. ಹೊರಗಿನಿಂದಲೋ ಕಾಮನ್ ಕಾರಿಡಾರಿನಿಂದಲೋ ನೇರ ಒಳಬರುವ ಬಾಗಿಲಿರುವ ಪ್ರತ್ಯೇಕ ವಾಸಸ್ಥಳ ಒಂದಿದ್ದರೆ ಅದರೊಳಗಿನ ಎಲ್ಲರೂ ಸೇರಿ ಒಂದು ಹೌಸ್‌ಹೋಲ್ಡ್. ಅಪ್ಪ, ಅಮ್ಮ, ಮಗು ಇದ್ದರೂ ಒಂದೇ, ಒಬ್ಬಂಟಿ ಅಜ್ಜಿ ಇದ್ದರೂ ಒಂದೇ, ಬಾಡಿಗೆ ಹಂಚಿಕೊಂಡ ನಾಲ್ವರು ವಿದ್ಯಾರ್ಥಿಗಳಿದ್ದರೂ ಒಂದೇ. ಹದಿನೈದು ತುಂಬಿದವರೆಲ್ಲರ ಆದಾಯ ಕೂಡಿಸಿದರೆ ಆ ಮನೆಯ ಆದಾಯ.

ರಕ್ತ, ಮದುವೆ ಅಥವಾ ದತ್ತಕದ ನಂಟಿದ್ದರೆ ಮಾತ್ರ ‘ಫ್ಯಾಮಿಲಿ’. ಅದಕ್ಕೆ ಬೇರೆಯದೇ ಅಂಕಿ ಇದೆ, ಸಾಮಾನ್ಯವಾಗಿ ಅದು ಹೆಚ್ಚಿರುತ್ತದೆ, ಏಕೆಂದರೆ ಒಂಟಿಯಾಗಿರುವವರು ಅದರಲ್ಲಿಲ್ಲ. ಕಾಲೇಜು ಊರುಗಳಲ್ಲಿ ಎರಡರ ನಡುವೆ ದೊಡ್ಡ ಕಂದರವೇ ಇರುತ್ತದೆ. ಅಕ್ಕನಿಗೆ ನಾನು ಮೊದಲು ತೋರಿಸಿದ್ದು ಈ ಎರಡನೇ ಸಾಲನ್ನು.

## ಸಾಲಿನ ನಡುವೆ ನಿಂತ ಹುಡುಗ

ಹತ್ತನೇ ಕ್ಲಾಸಿನ ಗಣಿತದಲ್ಲಿ ‘ಮಧ್ಯಾಂಕ’ ಎಂದು ಓದಿದ್ದೆವಲ್ಲ, ಅದೇ ಮೀಡಿಯನ್. ಪಿ.ಟಿ. ಮೇಷ್ಟ್ರು 41 ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ 21ನೆಯವನ ಎತ್ತರ ಎಷ್ಟೋ ಅಷ್ಟು. ಸಾಲಿನ ಕೊನೆಯ ಲಂಬೂ ಹುಡುಗ ಬೆಂಚಿನ ಮೇಲೆ ಹತ್ತಿ ನಿಂತರೂ ನಡುವಿನವನ ಎತ್ತರ ಕೂದಲೆಳೆಯಷ್ಟೂ ಬದಲಾಗದು. ಸರಾಸರಿ ಮಾತ್ರ ಏರುತ್ತದೆ. ಸಂಬಳದ ಲೆಕ್ಕದಲ್ಲಿ ಬೆಂಚು ಹತ್ತಿದವರು ಎಲ್ಲ ಊರಲ್ಲೂ ಇರುವುದರಿಂದ ಮಧ್ಯಾಂಕವನ್ನೇ ಹೆಚ್ಚಾಗಿ ಕೊಡುತ್ತಾರೆ. ಭಾವ ಗುಣಿಸಿದ 75,149 ಡಾಲರ್ 2018ರಿಂದ 2022ರ ಅವಧಿಗೆ ಇಡೀ ದೇಶದ ನಡುವಿನ ಮನೆಯ ಆದಾಯ. ಅದೂ ತೆರಿಗೆ ಕಟ್ಟುವ ಮುಂಚಿನದು.

ತಲಾ ಆದಾಯ ಬೇರೆ ಜಾತಿಯದು. ಊರಿನವರ ಒಟ್ಟು ಆದಾಯವನ್ನು ಊರಿನ ಒಟ್ಟು ತಲೆಗಳಿಂದ ಭಾಗಿಸುವುದು. ತೊಟ್ಟಿಲ ಮಗುವೂ ಒಂದು ತಲೆ, ಹಾಸ್ಟೆಲಿನ ಹುಡುಗಿಯೂ ಒಂದು ತಲೆ, ಕೈದಿಯೂ ಒಂದು ತಲೆ. ಅದೇ ಅವಧಿಗೆ ದೇಶದ ತಲಾ ಆದಾಯ 41,261 ಡಾಲರ್.

ಮೇಲೆ ಹೇಳಿದ ಸಾಮೂಹಿಕ ವಸತಿ ಇಲ್ಲಿ ತನ್ನ ಕೈಚಳಕ ತೋರಿಸುತ್ತದೆ. ಜೈಲಾಗಲಿ ಹಾಸ್ಟೆಲ್ಲಾಗಲಿ ‘ಹೌಸ್‌ಹೋಲ್ಡ್’ ಅಲ್ಲ. ಹಾಗಾಗಿ ಅಲ್ಲಿನವರು ಮನೆವಾರು ಮಧ್ಯಾಂಕದ ಸಾಲಿನಲ್ಲೇ ನಿಲ್ಲುವುದಿಲ್ಲ. ತಲಾ ಆದಾಯದ ಭಾಗಾಕಾರದಲ್ಲಿ ಮಾತ್ರ ಕೆಳಗಡೆ ಕೂತಿರುತ್ತಾರೆ, ಗಳಿಕೆ ಹತ್ತಿರ ಹತ್ತಿರ ಸೊನ್ನೆ, ತಲೆ ಮಾತ್ರ ಪೂರಾ ಒಂದು. ಅನಮೋಸಾದಂಥ ಊರಿನ ತಲಾ ಆದಾಯ ಕಡಿಮೆ ಕಂಡರೆ ಊರವರ ದುಡಿಮೆಯನ್ನು ದೂರುವ ಮೊದಲು ಜೈಲಿನ ಗೋಡೆ ನೋಡಬೇಕು.

ಇನ್ನು, ಈ ‘ಆದಾಯ’ದೊಳಗೆ ಏನಿದೆ? ಸಂಬಳ, ವ್ಯಾಪಾರದ ಲಾಭ, ಬಡ್ಡಿ, ಬಾಡಿಗೆ, ಪಿಂಚಣಿ ಎಲ್ಲ ಇವೆ. ಸರ್ಕಾರ ಕೊಡುವ ಆಹಾರದ ನೆರವು ಇಲ್ಲ. ಷೇರು ಅಥವಾ ಭೂಮಿ ಮಾರಿದ ಲಾಭ ಇಲ್ಲ. ಸಾಲ ಇಲ್ಲ, ಎಜುಕೇಶನ್ ಲೋನ್ ಕೂಡ. ಆಸ್ತಿಯಂತೂ ಇಲ್ಲವೇ ಇಲ್ಲ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯವೇ ಪ್ರತಿ ವರ್ಷ ರಾಜ್ಯದ ಕೃಷಿಭೂಮಿಯ ಬೆಲೆ ಸಮೀಕ್ಷೆ ಮಾಡುತ್ತದೆ. 2023ರಲ್ಲಿ ಸರಾಸರಿ ಎಕರೆಗೆ 11,835 ಡಾಲರ್. ಐನೂರು ಎಕರೆಯ ರೈತನ ಬಳಿ 59 ಲಕ್ಷ ಡಾಲರಿನ ನೆಲ. ಮೆಕ್ಕೆಜೋಳದ ಬೆಲೆ ಬಿದ್ದ ವರ್ಷ ಅವನ ಆದಾಯದ ಕಾಲಂನಲ್ಲಿ ಶಾಲೆಯ ಬಸ್ ಓಡಿಸುವವನಿಗಿಂತ ಕಡಿಮೆ ಅಂಕಿ ಇರಬಹುದು. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

## ಬಡವರು ಯಾರು?

ಅಕ್ಕನ ನಿಜವಾದ ಹೆದರಿಕೆ ಇದ್ದದ್ದು ಇಲ್ಲಿ. ಕಾಲುಭಾಗ ಬಡವರಿರುವ ಊರು ಎಂದರೆ ಅವಳ ಕಣ್ಣ ಮುಂದೆ ಏನೇನೋ ಬಂದಿತ್ತು.

ಅಮೆರಿಕದ ಬಡತನದ ಗೆರೆ ಹುಟ್ಟಿದ್ದು ಅಡುಗೆಮನೆಯಲ್ಲಿ. ಅಲ್ಲಿನ ಸಾಮಾಜಿಕ ಭದ್ರತಾ ಆಡಳಿತದಲ್ಲಿದ್ದ ಮೊಲ್ಲಿ ಒರ್ಶಾನ್ಸ್ಕಿ 1960ರ ದಶಕದ ಆರಂಭದಲ್ಲಿ ಒಂದು ಲೆಕ್ಕ ಹಾಕಿದರು. ಕುಟುಂಬಗಳು ಆದಾಯದ ಮೂರನೇ ಒಂದು ಭಾಗವನ್ನು ಊಟಕ್ಕೆ ಖರ್ಚು ಮಾಡುತ್ತವೆ ಎಂದು 1955ರ ಸಮೀಕ್ಷೆಯೊಂದು ತೋರಿಸಿತ್ತು. ಅತ್ಯಂತ ಅಗ್ಗದ ಪೌಷ್ಟಿಕ ಊಟದ ವೆಚ್ಚವನ್ನು ಮೂರರಿಂದ ಗುಣಿಸು, ಅದಕ್ಕಿಂತ ಕೆಳಗಿದ್ದರೆ ಬಡವ. ಅಷ್ಟೇ. ಅಂದಿನಿಂದ ಬೆಲೆಯೇರಿಕೆಗೆ ತಕ್ಕಂತೆ ಅದನ್ನೇ ಏರಿಸುತ್ತ ಬಂದಿದ್ದಾರೆ. ಸರ್ಕಾರಿ ಯೋಜನೆಗಳಿಗೆ ಬಳಸುವ ಗೆರೆ 2024ರಲ್ಲಿ ಒಬ್ಬರಿಗೆ ವರ್ಷಕ್ಕೆ 15,060 ಡಾಲರ್, ನಾಲ್ವರ ಕುಟುಂಬಕ್ಕೆ 31,200. ಅಂಕಿಅಂಶಕ್ಕೆ ಬಳಸುವುದೂ ಇದರ ಆಸುಪಾಸಿನದೇ. ನ್ಯೂಯಾರ್ಕ್ ಮಹಾನಗರದಲ್ಲಿರಲಿ, ಅಯೋವಾದ ಹಳ್ಳಿಯಲ್ಲಿರಲಿ, ಅಂಕಿಅಂಶದ ಗೆರೆ ಒಂದೇ. ಬಾಡಿಗೆಯ ವ್ಯತ್ಯಾಸವನ್ನೂ ಹಿಡಿಯುವ ಇನ್ನೊಂದು ಅಳತೆಗೋಲನ್ನು 2011ರಿಂದ ಪ್ರಕಟಿಸುತ್ತಿದ್ದಾರೆ, ಆದರೆ ಊರಿನ ಪುಟದಲ್ಲಿ ಕಾಣುವುದು ಹಳೆಯದೇ.

ಈಗ ಏಮ್ಸ್‌ಗೆ ಬನ್ನಿ. ಒಂದು ಅಪಾರ್ಟ್‌ಮೆಂಟ್ ಊಹಿಸಿಕೊಳ್ಳಿ. ನಾಲ್ವರು ಪದವಿ ವಿದ್ಯಾರ್ಥಿಗಳು, ಒಬ್ಬೊಬ್ಬರೂ ಪಾರ್ಟ್‌ಟೈಮ್ ಕೆಲಸದಲ್ಲಿ ವರ್ಷಕ್ಕೆ 12,000 ಡಾಲರ್ ದುಡಿಯುತ್ತಾರೆ. ಬಾಗಿಲು ಒಂದೇ, ಆದ್ದರಿಂದ ಮನೆವಾರು ಆದಾಯ 48,000. ಪರವಾಗಿಲ್ಲ ಅನ್ನಿಸುವ ಮನೆ. ಬಡತನದ ಲೆಕ್ಕಕ್ಕೆ ಬಂದಾಗ ನಂಟಿಲ್ಲದವರನ್ನು ಒಬ್ಬೊಬ್ಬರಾಗಿಯೇ ಗೆರೆಗೆ ಹಿಡಿದು ನೋಡುತ್ತಾರೆ. 12,000 ಗೆರೆಯ ಕೆಳಗೆ. ಹಾಗಾಗಿ ಅದೇ ಮನೆಯಲ್ಲಿ ನಾಲ್ವರು ಬಡವರು! ಫೀಸು ಅಪ್ಪ ಕಟ್ಟುತ್ತಿರಲಿ, ಸಾಲ ತೆಗೆದಿರಲಿ, ಮನೆಯ ಮುಂದೆ ಕಾರು ನಿಂತಿರಲಿ, ಲೆಕ್ಕಕ್ಕಿಲ್ಲ. ಅದೇ ನಾಲ್ವರು ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರಿಬಿಟ್ಟರೆ? ಬಡತನದ ಲೆಕ್ಕದಿಂದಲೇ ಹೊರಗೆ, ಮೇಲೂ ಇಲ್ಲ, ಕೆಳಗೂ ಇಲ್ಲ.

ಗಣತಿ ಇಲಾಖೆಗೆ ಇದು ಗೊತ್ತಿಲ್ಲದ್ದೇನಲ್ಲ. ಕ್ಯಾಂಪಸ್ ಹೊರಗಿರುವ ಇಂಥ ವಿದ್ಯಾರ್ಥಿಗಳನ್ನು ಬಿಟ್ಟರೆ ಏನಾಗುತ್ತದೆ ಎಂದು 2013ರಲ್ಲಿ ಅದೇ ಲೆಕ್ಕ ಮಾಡಿ ತೋರಿಸಿತು. ಇಡೀ ದೇಶದ ಬಡತನ ದರ 15.2ರಿಂದ 14.5ಕ್ಕೆ ಇಳಿಯಿತು. ದೇಶದ ಮಟ್ಟದಲ್ಲಿ ಇದು ಸಣ್ಣದು. ಊರಿನ ಅರ್ಧಕ್ಕರ್ಧ ವಿದ್ಯಾರ್ಥಿಗಳೇ ಇರುವ ಕಡೆ ಇದು ಪುಟದ ಅರ್ಥವನ್ನೇ ತಿರುಗಿಸುತ್ತದೆ. ಅಲ್ಲಿ ನಿಜವಾದ ಬಡವರು ಇಲ್ಲವೆಂದಲ್ಲ. ಈ ಒಂದು ಅಂಕಿ ಅವರನ್ನು ವಿದ್ಯಾರ್ಥಿಗಳಿಂದ ಬೇರ್ಪಡಿಸಿ ತೋರಿಸುವುದಿಲ್ಲ ಅಷ್ಟೇ.

## ಒಬ್ಬರೇ ಇರುವ ಊರಿನ ಜನಸಂಖ್ಯೆ ಎರಡು

ಚಿಕ್ಕ ಪಾತ್ರೆಯ ತೊಂದರೆ ಎಂದಿದ್ದೆ. ನೂರು ಮನೆಯ ಊರಿನಲ್ಲಿ ವರ್ಷಕ್ಕೆ ಬೆರಳೆಣಿಕೆಯ ಮನೆಗಳನ್ನು ಕೇಳಿದರೆ ಯಾರ ಬಾಗಿಲು ಬಡಿದರು ಎಂಬುದರ ಮೇಲೆಯೇ ಊರು ಸಿರಿವಂತವೋ ಬಡವೋ ಆಗಿಬಿಡುತ್ತದೆ. ಅದಕ್ಕೇ 65,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಐದು ವರ್ಷದ ಉತ್ತರಗಳನ್ನು ಒಟ್ಟು ಮಾಡಿಯೇ ಅಂಕಿ ಕೊಡುತ್ತಾರೆ. ಏಮ್ಸ್ 2010ರಲ್ಲಿ 58,965 ಇತ್ತು, 2020ರಲ್ಲಿ ಅಂಚು ದಾಟಿತು. ‘2018–2022’ ಎಂದು ಬರೆದಿದ್ದರೆ ಕೋವಿಡ್‌ಗೆ ಮುಂಚಿನ ಸಂಬಳವೂ ನಂತರದ್ದೂ ಒಂದೇ ಸಾರಿನಲ್ಲಿ ಕುದ್ದಿವೆ ಎಂದರ್ಥ.

ಮೂಲ ಕೋಷ್ಟಕದಲ್ಲಿ ಪ್ರತಿ ಅಂದಾಜಿನ ಪಕ್ಕ ಕೂಡು–ಕಳೆ ಚಿಹ್ನೆಯೊಂದಿಗೆ ಇನ್ನೊಂದು ಅಂಕಿ ಇರುತ್ತದೆ. ಉದಾಹರಣೆಗೆ 52,000, ಕೂಡು–ಕಳೆ 14,000 ಎಂದಿದ್ದರೆ ನಿಜ ಬೆಲೆ 38,000ದಿಂದ 66,000ದ ನಡುವೆ ಎಲ್ಲೋ ಇದೆ ಎಂದು ಶೇ 90ರಷ್ಟು ಭರವಸೆಯಿಂದ ಹೇಳಬಹುದು. ಸ್ಕ್ರೀನ್‌ಶಾಟ್ ಕತ್ತರಿಸುವವರು ಮೊದಲು ಕತ್ತರಿಸುವುದು ಈ ಕಾಲಂ ಅನ್ನೇ.

ಎಣಿಕೆಯಾದರೂ ಪಕ್ಕಾ ಎಂದುಕೊಂಡರೆ, ಪಕ್ಕದ ನೆಬ್ರಾಸ್ಕಾದ ಮೊನೋವಿ ಇದೆ. 2000ದಲ್ಲಿ ಅಲ್ಲಿ ಗಂಡ–ಹೆಂಡತಿ ಇಬ್ಬರೇ. ಗಂಡ ತೀರಿಕೊಂಡ ಮೇಲೆ 2010ರಲ್ಲಿ ಒಬ್ಬರೇ. ಮೇಯರ್ ಅವರೇ, ಖಜಾಂಚಿ ಅವರೇ, ಊರಿನ ಏಕೈಕ ಹೋಟೆಲಿನ ಯಜಮಾನಿ ಅವರೇ. 2020ರ ಗಣತಿ ಹೊರಬಂದಾಗ ಮೊನೋವಿಯ ಜನಸಂಖ್ಯೆ ಎರಡು! ಎರಡನೆಯವರು ಯಾರೆಂದು ಊರಿಗೆ ಊರೇ, ಅಂದರೆ ಅವರೊಬ್ಬರೇ, ಬೆರಗಾದರು.

ಇದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಗಣತಿಯಲ್ಲಿ ಕೊಟ್ಟ ಮಾಹಿತಿಯನ್ನು 72 ವರ್ಷ ಗುಟ್ಟಾಗಿಡಬೇಕು ಎಂಬ ಕಟ್ಟುಪಾಡಿದೆ. ಒಬ್ಬರೇ ಇರುವ ಊರಿನ ವಯಸ್ಸು, ಜನಾಂಗ ಪ್ರಕಟಿಸಿದರೆ ಅದು ಅಂಕಿಅಂಶವಲ್ಲ, ಆ ವ್ಯಕ್ತಿಯ ಜಾತಕ. ಹಾಗಾಗಿ 2020ರಲ್ಲಿ ಸಣ್ಣ ಜಾಗಗಳ ಅಂಕಿಗೆ ಗಣಿತದ ಲೆಕ್ಕಾಚಾರದಿಂದ ಒಂದಿಷ್ಟು ಏರುಪೇರು ಬೆರೆಸಿದರು. ಚಿಲ್ಲರೆ ಇಲ್ಲದಾಗ ಅಂಗಡಿಯವನು ಒಬ್ಬರಿಗೆ ಒಂದು ರೂಪಾಯಿ ಬಿಡುತ್ತಾನೆ, ಇನ್ನೊಬ್ಬರಿಗೆ ಚಾಕಲೇಟು ಕೊಡುತ್ತಾನೆ, ರಾತ್ರಿ ಗಲ್ಲಾದಲ್ಲಿ ಒಟ್ಟು ಲೆಕ್ಕ ಸರಿಯಿರುತ್ತದೆ. ರಾಜ್ಯದ ಒಟ್ಟು ಜನಸಂಖ್ಯೆಯನ್ನು ಅವರು ಮುಟ್ಟಿಲ್ಲ. ಊರು ಚಿಕ್ಕದಾದಷ್ಟೂ ಬಿಡಿ ಅಂಕಿಯ ಮೇಲೆ ನಂಬಿಕೆ ಕಡಿಮೆ ಇಡಬೇಕು.

## ಕನ್ನಡ ಯಾವ ಸಾಲಿನಲ್ಲಿದೆ?

ಜನಾಂಗದ ಕಾಲಂ ಅನ್ನು ಜನರೇ ತುಂಬಿಕೊಳ್ಳುವುದು, ಯಾರೂ ಪರೀಕ್ಷಿಸುವುದಿಲ್ಲ. ನಮ್ಮವರನ್ನು ಎಲ್ಲಿಡಬೇಕೆಂದು ಅಮೆರಿಕಕ್ಕೆ ಬಹಳ ಕಾಲ ತಿಳಿಯಲಿಲ್ಲ. 1930, 1940ರ ಗಣತಿಗಳಲ್ಲಿ ‘ಹಿಂದೂ’ ಎಂಬುದೇ ಒಂದು ಜನಾಂಗ, ಪಂಜಾಬಿನ ಸಿಖ್ ರೈತರೂ ಅದರಲ್ಲೇ. 1970ರಲ್ಲಿ ಭಾರತೀಯರು ‘ಬಿಳಿಯರು’. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಸ್ವಂತ ಚೌಕ ಸಿಕ್ಕಿತು. 2020ರಲ್ಲಿ ಅದೊಂದಕ್ಕೇ ಟಿಕ್ ಹಾಕಿದವರು ಸುಮಾರು 44 ಲಕ್ಷ.

ಭಾಷೆ ಕೇಳುವುದು ಸಮೀಕ್ಷೆಯಲ್ಲಿ: ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆ ಆಡುತ್ತೀರಾ, ಯಾವುದು? ‘ಕನ್ನಡ’ ಎಂದು ಬರೆಯಬಹುದು. ಪ್ರಕಟವಾಗುವ ಮುಖ್ಯ ಕೋಷ್ಟಕದಲ್ಲಿ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು, ಆಮೇಲೆ ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂದು ಒಂದೇ ಮೂಟೆ. ಏಮ್ಸ್‌ನಲ್ಲಿ ಕನ್ನಡದವರು ಎಷ್ಟು ಮಂದಿ ಎಂದು ಅಕ್ಕ ಕೇಳಿದ ಪ್ರಶ್ನೆಗೆ ಆ ಮೂಟೆ ಬಿಚ್ಚುವ ದಾರಿ ಊರಿನ ಪುಟದಲ್ಲಿಲ್ಲ.

## ಬಾಡಿಗೆ, ಮತ್ತು 2030

ಹೊರಡುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಸಾಲು ಕೆಳಗಡೆ ಎಲ್ಲೋ ಇರುತ್ತದೆ: ‘ಗ್ರಾಸ್ ರೆಂಟ್’. ಇದು ಬರೀ ಬಾಡಿಗೆಯಲ್ಲ, ಕರೆಂಟು, ನೀರು, ಮನೆ ಬಿಸಿಮಾಡುವ ಗ್ಯಾಸಿನ ಖರ್ಚೂ ಸೇರಿದ್ದು. ಅಯೋವಾದ ಜನವರಿಯಲ್ಲಿ ಆ ಕೊನೆಯದು ಸಣ್ಣ ಬಾಬ್ತಲ್ಲ. ಭಾವ 85ರಿಂದ ಗುಣಿಸುವುದನ್ನು ಬಿಟ್ಟು, ಸ್ಟೈಪೆಂಡಿನಲ್ಲಿ ಇದನ್ನು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಡಾಲರಿನಲ್ಲೇ ಕಳೆಯತೊಡಗಿದರು. ಲೆಕ್ಕ ಸರಿಯಾದ ಹಳಿಗೆ ಬಂತು.

ನಮ್ಮ ಮುಂದಿನ ಜನಗಣತಿಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಎಣಿಕೆಯವರು ತೀರ್ಥಹಳ್ಳಿಯ ಮನೆಗೆ ಬಂದಾಗ ಅಕ್ಕ ಮಗಳ ಹೆಸರು ಹೇಳಿದರೂ ಅವರು ಬರೆದುಕೊಳ್ಳುವಂತಿಲ್ಲ. ಎಣಿಕೆಯ ಅವಧಿಯುದ್ದಕ್ಕೂ ದೇಶದಲ್ಲಿಲ್ಲದವರು ಲೆಕ್ಕಕ್ಕಿಲ್ಲ. ಪಿಎಚ್‌.ಡಿ. ಐದು ವರ್ಷ ಎಳೆದರೆ 2030ರ ಏಪ್ರಿಲ್ 1ಕ್ಕೆ ಅವಳು ಏಮ್ಸ್‌ನ ಜನಸಂಖ್ಯೆಯಲ್ಲಿ ಒಬ್ಬಳು. ‘ಹಾಗಾದ್ರೆ ಮೂರು ವರ್ಷ ಇವಳು ಎಲ್ಲೂ ಇಲ್ವಾ?’ ಎಂದು ದೊಡ್ಡಪ್ಪ ಗುಂಪಿನಲ್ಲಿ ಕೇಳಿದ್ದಾರೆ. ಅವಳು ಇನ್ನೂ ಉತ್ತರ ಹಾಕಿಲ್ಲ, ಸೂಟ್‌ಕೇಸ್ ತೂಕ ಹಾಕುತ್ತಿದ್ದಾಳೆ.